ನಿಂತುಕೊಂಡ ಕೌದಿ

ಎರಡು ಸಾವಿರದ ಇಸವಿ ಬಂದ ಕೂಡಲೇ ಲೋಕ ಮುಳುಗುತ್ತದೆ ಎಂದು ಎಲ್ಲರೂ ಹೆದರಿಸಿದ್ದರು. ಮುಳುಗಲಿಲ್ಲ. ಸಂಕ್ರಾಂತಿಯ ಕುಸುರೆಳ್ಳು ಹಂಚಿ ಮುಗಿದರೂ ಲೋಕ ಇದ್ದಲ್ಲೇ ಇತ್ತು. ಹೇಗೂ ಇರುವುದೇ ಖರೆ ಅಂದಮೇಲೆ ಉದ್ಯೋಗ ವಿಸ್ತರಿಸುವುದೇ ಲೇಸು ಎಂದು ನಾನು ತೀರ್ಮಾನಿಸಿದೆ. ಲೋಕಕ್ಕೆ ಆಗದ ಅನಾಹುತ ನಮ್ಮ ಮನೆಗೆ ಆಯಿತು!

ನಮ್ಮ ಉದ್ಯೋಗ ಕೌದಿಯದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸುತ್ತು ಸುತ್ತಾಗಿ ದಾರ ಓಡಿಸಿ ಹೊಲಿಯುವ ಹೊದಿಕೆ. ಪೀರನವಾಡಿಯ ನಮ್ಮ ಪಡಸಾಲೆಯಲ್ಲಿ ಮೊದಲು ಮನೆಮಂದಿಗೆ ಹೊಲಿದೆವು, ಆಮೇಲೆ ಬೀಗರಿಗೆ, ಆಮೇಲೆ ಬೀಗರ ಬೀಗರಿಗೆ. ಹಾಗೇ ಗಿರಾಕಿಗಳೂ ಬರತೊಡಗಿದರು. ಕೆಲಸವನ್ನು ನಾನೂ ನಮ್ಮ ಅತ್ತೆಯೂ ಸಮನಾಗಿ ಹಂಚಿಕೊಂಡಿದ್ದೆವು. ಅತ್ತೆ ಹೊಲಿಯುತ್ತಿದ್ದರು, ನಾನು ಗಿರಾಕಿಗಳ ಜೊತೆ ಮಾತಾಡುತ್ತಿದ್ದೆ.

ಮಾತಾಡುವವರ ದೊಡ್ಡ ದೋಷವೆಂದರೆ, ಅವರ ಬಾಯಲ್ಲಿ 'ಇಲ್ಲ' ಬರುವುದಿಲ್ಲ. ಆ ಚಳಿಗಾಲದಲ್ಲಿ ಬಂದವರಿಗೆಲ್ಲ "ಆಗ್ಲಿ ಬಿಡ್ರಿ, ಹೊಲದ ಕೊಡತೀವಿ" ಅಂದೆ. ಪಡಸಾಲೆಯ ತುಂಬ ಸೀರೆಯ ಗಂಟುಗಳಾದವು. ಅತ್ತೆ ಗಂಟುಗಳ ನಡುವಿನ ಸಂದಿಯಲ್ಲಿ ಓಡಾಡುತ್ತಿದ್ದರು.

ಅಷ್ಟರಲ್ಲಿ ಖಾನಾಪುರದಿಂದ ಗಂಗಕ್ಕ ಎಂಬ ಗಿರಾಕಿ ಬಂದರು. ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು ಕುಳಿತರು. ಚಹಾ ಕುಡಿದರೂ ಗಂಟು ಕೆಳಗಿಳಿಸಲಿಲ್ಲ.

"ನಮ್ಮವ್ವನ ಸೀರಿರೀ ಇವು," ಅಂದರು. "ಆಕಿ ಹೋಗಿ ಒಂದೂವರಿ ವರ್ಷಾತು. ಈಗ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟೈತಿ. ತೊಟ್ಟಲಾಗ ಹಾಕೂ ದಿನ ಆ ಕೂಸನ್ನ ಇವುಗಳ ಮ್ಯಾಲ ಮಲಗಸಬೇಕಂತ ನನ್ನ ಆಸೆ. ನೋಡ್ರಿ, ಎಷ್ಟು ಮೆತ್ತಗ ಅದಾವು."

ಮುಟ್ಟಿ ನೋಡಿದೆ. ಉಟ್ಟು, ಒಗೆದು, ಮತ್ತೆ ಉಟ್ಟು ಸವೆದ ಇಳಕಲ್ಲು ಸೀರೆಗಳು. ಬೆಣ್ಣೆಯ ಹಾಗಿದ್ದವು. ಗಂಗಕ್ಕ ಗಂಟನ್ನು ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕೊಟ್ಟರು.

"ಚಿಂತಿ ಬಿಡ್ರಿ," ಅಂದೆ ನಾನು.

ಚಿಂತೆ ಬಿಡಬಾರದಾಗಿತ್ತು.

ಅವರು ಹೋದಮೇಲೆ ಅತ್ತೆ ಸೂಜಿ ಕೆಳಗಿಟ್ಟರು. "ಶಾಂತಾ, ನನಗ ಇರೂವು ಎರಡ ಕೈ. ನೀ ಒಪ್ಪಿಕೊಂಡ ಬಂದದ್ದನ್ನೆಲ್ಲಾ ಹೊಲ್ಯಾಕ ನಾ ಏನು ದೇವಿಮೂರ್ತಿನೇನು?"

ಆಗ ಬಾಗಿಲಲ್ಲಿ ನಮ್ಮ ಯಜಮಾನರ ಆಗಮನವಾಯಿತು. ಇವರು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಇವರ ದೃಷ್ಟಿಯಲ್ಲಿ ಜಗತ್ತಿನ ವಸ್ತುಗಳು ಎರಡೇ ಬಗೆ: ತಾವು ರಿಪೇರಿ ಮಾಡಿದವು ಮತ್ತು ಇನ್ನೂ ಚೆನ್ನಾಗಿ ನಡೆಯುತ್ತಿರುವವು.

"ಮಷಿನ್ ಮ್ಯಾಲ ಹೊಲಿರಲಾ," ಅಂದರು.

"ಕೌದಿ ದಪ್ಪ ಇರತೈತ್ರಿ. ಮಷಿನ್ ಕುತ್ತಿಗಿ ಗಿಡ್ಡ. ಒಳಗ ಹಿಡಿಸೂದಿಲ್ಲ."

"ಹಂಗಾದ್ರ ಕುತ್ತಿಗಿ ಉದ್ದ ಮಾಡೂಣು!"

ಅವರು ರವಿವಾರ ಪೇಟೆಯಲ್ಲಿ ತಾಡಪತ್ರಿ, ಅಂದರೆ ಲಾರಿಗೆ ಹೊದಿಸುವ ಟಾರ್ಪಾಲು, ಹೊಲಿಯುವ ಅಂಗಡಿಯೊಂದರಲ್ಲಿ ಉದ್ದ ಕೈಯ ಮಷಿನ್ನು ನೋಡಿದ್ದರಂತೆ. ಹೊರದೇಶದಲ್ಲಿ ಕೌದಿಗಳನ್ನು ಅಂಥದರಲ್ಲೇ ಹೊಲಿಯುತ್ತಾರೆ ಎಂದು ಅಂಗಡಿಯವನು ಹೇಳಿದನಂತೆ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕಟ್ಟುತ್ತಾರೆ, ಮಷಿನ್ನೇ ಅದರ ಮೇಲೆ ಓಡಾಡುತ್ತದೆ! ಕೇಳಿ ನನ್ನ ಮೈ ಜುಂ ಎಂದಿತು. ಪೀರನವಾಡಿಯಲ್ಲಿ ಹೊರದೇಶ! ಇಡೀ ಸೀಮೆಯಲ್ಲಿ ನನ್ನ ಹೆಸರು!

"ಮಷಿನ್ ಎಲ್ಲಿಂದ ತರತೀರಿ?" ಎಂದು ಕೇಳಿದೆ.

ಅವರು ಮೂಲೆಯಲ್ಲಿದ್ದ ನನ್ನ ತವರುಮನೆಯ ಹೊಲಿಗೆ ಮಷಿನ್ನಿನ ಕಡೆ ನೋಡಿದರು. ಕುರಿ ಕೊಳ್ಳುವವರು ನೋಡುವ ಹಾಗೆ.

ಭಾನುವಾರ ನನ್ನ ತವರಿನ ಮಷಿನ್ನು ಎರಡು ತುಂಡಾಯಿತು. ಮುಂದಿನ ಭಾನುವಾರ ಆ ತುಂಡುಗಳ ನಡುವೆ ಒಂದು ಉದ್ದನೆಯ ಕಬ್ಬಿಣದ ಕುತ್ತಿಗೆ ಬಂತು. ಮಷಿನ್ನು ಈಗ ಕೆರೆಯ ದಂಡೆಯಲ್ಲಿ ಮೀನಿಗಾಗಿ ಕಾಯುವ ಕೊಕ್ಕರೆಯಂತೆ ಕಾಣುತ್ತಿತ್ತು. ಕಾಲಿಗೆ ಬೇರಿಂಗಿನ ಗಾಲಿ, ಗಾಲಿಗೆ ಪೈಪಿನ ಹಳಿ. ಓಡಿಸುವುದಕ್ಕೆ ನಮ್ಮ ಮಿಕ್ಸರಿನ ಮೋಟಾರು. ಅಂದಿನಿಂದ ಚಟ್ನಿಯನ್ನು ಕಲ್ಲಿನಲ್ಲಿ ಅರೆಯಬೇಕಾಯಿತು. ಪ್ರಗತಿಗೆ ತ್ಯಾಗ ಅನಿವಾರ್ಯ! ಅರೆಯುತ್ತಿದ್ದವರು ಅತ್ತೆ.

"ಹಳಿ ತುದಿ ಮುಟ್ಟಿತಂದ್ರ ಈ ಪಟ್ಟಿ ಬಡದು ತಾನ ವಾಪಸ್ ಹೊಳ್ಳತೈತಿ," ಎಂದು ಯಜಮಾನರು ಹೆಮ್ಮೆಯಿಂದ ತೋರಿಸಿದರು. "ಆಟೋಮ್ಯಾಟಿಕ್!"

"ನಿಂದ್ರೂದು ಹೆಂಗ?" ಎಂದು ಅತ್ತೆ ಕೇಳಿದರು.

ನಮ್ಮ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ನಾವಿಬ್ಬರೂ ನಕ್ಕೆವು.

ತೊಟ್ಟಿಲಿನ ದಿನದ ಹಿಂದಿನ ದಿನ ಬೆಳಿಗ್ಗೆ ಗಂಗಕ್ಕನ ಸೀರೆಗಳನ್ನು ಚೌಕಟ್ಟಿಗೆ ಬಿಗಿದೆ. ಯಜಮಾನರು ಒಳಗೆ ಹೋಗಿ ಗುಂಡಿ ಒತ್ತಿದರು. ಮಷಿನ್ನು ಟಕಟಕ ಎಂದು ನಾಲ್ಕು ಮೊಳ ನೇರವಾಗಿ ಹೊಲಿಯಿತು. ಎಂಥ ಅಂದದ ಹೊಲಿಗೆ! ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದರೆ ಗುಂಡಿ ಬಂದ್ ಮಾಡಬೇಕು ಎಂಬುದು ಬುದ್ಧಿವಂತರಿಗೆ ತಿಳಿದಿರುವ ವಿಷಯ. ನಾನು ಚಹಾಕ್ಕೆ ಹೋದೆ. ಯಜಮಾನರು ಸ್ನಾನಕ್ಕೆ ಹೋದರು. ಅತ್ತೆ ಚೌಕಟ್ಟಿಗೆ ಬೆನ್ನು ಆನಿಸಿ ಕುಳಿತು ಬಳ್ಳೊಳ್ಳಿ ಸುಲಿಯತೊಡಗಿದರು.

ಕರೆಂಟು ಬಂತು.

ಬಟ್ಟೆ ಕಟ್ಟಿಹಾಕಿತ್ತು, ಆದ್ದರಿಂದ ಮಷಿನ್ನೇ ಹೊರಟಿತು! ಈ ತುದಿಗೆ ಬಡಿದು ಆ ತುದಿಗೆ, ಆ ತುದಿಗೆ ಬಡಿದು ಈ ತುದಿಗೆ. ಹೋದ ದಾರಿಯಲ್ಲೇ ಬಂತು, ಬಂದ ದಾರಿಯ ಬಾಜೂಕ್ಕೇ ಹೋಯಿತು. ಅತ್ತೆಯ ದನಿ ಓಣಿಗೆಲ್ಲ ಕೇಳಿಸಿತು:

"ಯವ್ವಾ! ನನ್ನನ್ನ ಕೌದ್ಯಾಗ ಹೊಲ್ಯಾಕತ್ತೈತೋ! ಬಿಡಸ್ರೋ!"

ಓಡಿ ಬಂದೆ. ಅತ್ತೆಯ ಹಸಿರು ಸೆರಗು ಸೂಜಿಯ ಕೆಳಗೆ ಹೋಗಿತ್ತು. ಹಿಂದೆಯೇ ಅತ್ತೆಯೂ ಹೊರಟಿದ್ದರು! ಗೋಡೆಯ ಬಟನ್ನುಗಳ ಮೇಲೆ ಬಿದ್ದೆ. ಒಂದು ಒತ್ತಿದೆ, ಫ್ಯಾನ್ ತಿರುಗಿತು. ಇನ್ನೊಂದು ಒತ್ತಿದೆ, ದೀಪ ಹತ್ತಿತು. ಮತ್ತೊಂದು ಒತ್ತಿದೆ, ರೇಡಿಯೋದಲ್ಲಿ ರೈತರಿಗೆ ಸಲಹೆ ಶುರುವಾಯಿತು. ಮಷಿನ್ನು ಮಾತ್ರ ನಿಲ್ಲಲಿಲ್ಲ.

"ಏನ್ರೀ! ಬಟನ್ ಎಲ್ಲಿ ಐತ್ರೀ?"

"ಅಡಗಿಮನ್ಯಾಗ!" ಬಚ್ಚಲಿನಿಂದ ಉತ್ತರ ಬಂತು. "ಮಿಕ್ಸರ್ ಬಟನ್ ಅಲ್ಲೇ ಇರತೈತಲ್ಲಾ!"

ತಲೆಗೆ ಸಾಬೂನು ಹಚ್ಚಿಕೊಂಡೇ ಟಾವೆಲು ಸುತ್ತಿಕೊಂಡು ಅವರೂ ಬಂದರು. ಅಷ್ಟರಲ್ಲಿ ಅತ್ತೆ ಕತ್ತರಿಗೆ ಕೈ ಚಾಚಿ ತಮ್ಮ ಸೆರಗನ್ನು ತಾವೇ ಕತ್ತರಿಸಿಕೊಂಡು ವಿಮೋಚನೆ ಪಡೆದಿದ್ದರು. ಉಸಿರು ಬಿಟ್ಟು ಮಗನಿಗೆ ಒಂದೇ ಮಾತು ಹೇಳಿದರು: "ಮಲ್ಯಾ, ಮೊದಲ ಮೈ ಮುಚ್ಕೋ."

ಬಾಗಿಲಲ್ಲಿ ನೆರೆಮನೆಯ ಸುಶೀಲಾಬಾಯಿ ನಿಂತಿದ್ದರು.

ಕೊನೆಗೂ ಅಡಿಗೆಮನೆಯ ಬಟನ್ ಬಂದ್ ಮಾಡಿ ಚೌಕಟ್ಟಿನಿಂದ ಕೌದಿ ಬಿಚ್ಚಿದೆವು. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಅದು ಮಡಚಲಿಲ್ಲ. ಗೋಡೆಗೆ ಆನಿಸಿದೆವು. ನಿಂತಿತು. ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದೆವು. ಆಗಲೂ ನಿಂತಿತು!

ಸುಶೀಲಾಬಾಯಿ ಬೆರಳಿನಿಂದ ತಟ್ಟಿ ನೋಡಿದರು. "ಅಗ ಬಾಈ! ಇದು ವಾಕಳನೋ, ಬಾಗಲನೋ?" ಮರಾಠಿಯವರು ಕೌದಿಗೆ ವಾಕಳ ಎನ್ನುತ್ತಾರೆ.

"ನೀರಾಗ ನೆನಸಿದ್ರ ಮೆತ್ತಗಾಗತೈತಿ," ಎಂದರು ಯಜಮಾನರು. ನೆನೆಸಿದೆವು. ನೆನೆಸಿದ ಬಾನಿಯ ತಳದಲ್ಲಿ ಯಾವ ಕಾಲದ್ದೋ ಗಂಜಿ ಉಳಿದಿತ್ತೆಂದು ತೋರುತ್ತದೆ. ಅದು ಕರಗಿ ಎಲ್ಲ ಪದರಕ್ಕೂ ಹರಡಿತು. ಮಾಳಿಗೆಯ ಬಿಸಿಲಲ್ಲಿ ಒಣಗಿದ ಮೇಲೆ ಹಲಸಿ ಊರಿನ ಹಳೇ ಗುಡಿಯ ಕಲ್ಲಿಗೂ ನಮ್ಮ ಕೌದಿಗೂ ಬಣ್ಣವೊಂದೇ ಬೇರೆ.

ಮರುದಿನ ಬೆಳಿಗ್ಗೆ ಮೂವರೂ ಖಾನಾಪುರದ ಬಸ್ಸಿಗೆ ಕೈ ಮಾಡಿದೆವು. ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ, "ಪ್ಲೈವುಡ್ ಮ್ಯಾಲ ಹಾಕ್ರಿ!" ಅಂದರು.

"ಇದು ಕೌದಿರೀ," ಅಂದೆ.

ಅವರು ಇಳಿದು ಬಂದು ತಟ್ಟಿ ನೋಡಿದರು. ನನ್ನ ಮುಖ ನೋಡಿದರು. "ಆಗ್ಲಿ ಅಕ್ಕಾರ," ಎಂದು ಸಮಾಧಾನದ ದನಿಯಲ್ಲಿ ಹೇಳಿದರು, "ಕೌದಿ ಅಂತನ ಅನ್ನೂಣು. ಆದರೂ ಮ್ಯಾಲ ಹಾಕ್ರಿ."

ಗಂಗಕ್ಕನ ಮನೆಯಲ್ಲಿ ಹೆಣ್ಣುಮಕ್ಕಳು ತುಂಬಿದ್ದರು. ತೊಟ್ಟಿಲಿಗೆ ಹೂವು ಕಟ್ಟಿತ್ತು. ನಾನು ಕೌದಿಯನ್ನು ಸದ್ದಿಲ್ಲದೆ ಗೋಡೆಗೆ ಆನಿಸಿ, ಯಾರಿಗೂ ಕಾಣದಂತೆ ಅದರ ಮುಂದೆ ನಿಂತೆ. ಹೆಣ್ಣಿನ ಬೆನ್ನು ಎಷ್ಟನ್ನು ಮರೆಮಾಡೀತು? ಒಬ್ಬ ಹಿರಿಯರು ಬಂದು, "ಸರೀ ತಂಗಿ, ಊಟದ ಹಲಗಿ ಅಂಗಳಕ್ಕ ಒಯ್ಯಬೇಕು," ಎಂದು ಅದನ್ನು ಎತ್ತಿಕೊಂಡು ಹೊರಟೇಬಿಟ್ಟರು!

"ಅಜ್ಜಾರ, ಅದು ಹಲಗಿ ಅಲ್ರೀ!" ಎಂದು ಹಿಂದೆ ಓಡಿದೆ.

ನನ್ನ ದನಿಗೆ ಗಂಗಕ್ಕ ಹೊರಗೆ ಬಂದರು. ಅಜ್ಜನ ಕೈಯಲ್ಲಿದ್ದುದನ್ನು ನೋಡಿದರು. ತಮ್ಮ ತಾಯಿಯ ಸೀರೆಯ ಅಂಚನ್ನು ಗುರುತು ಹಿಡಿದರು. ನಿಧಾನವಾಗಿ ಬಂದು ಅದರ ಮೇಲೆ ಕೈಯಾಡಿಸಿದರು. ಬೈಯುತ್ತಾರೆಂದು ತಲೆ ಬಗ್ಗಿಸಿ ನಿಂತೆ. ಬೈಯಲಿಲ್ಲ.

"ಹೂವಿನಂಗ ಇದ್ದುವಲ್ರೀ," ಎಂದಷ್ಟೇ ಅಂದರು. ಕಣ್ಣಲ್ಲಿ ನೀರು ಬಂತು.

ಅಲ್ಲಿಯವರೆಗೆ ನನಗೂ ಒಳಗೊಳಗೇ ನಗು ಬರುತ್ತಿತ್ತು, ಖರೆ ಹೇಳಬೇಕು. ಆಗ ನಿಂತಿತು. ಯಜಮಾನರು ಮಷಿನ್ನಿನ ತಾಂತ್ರಿಕ ದೋಷವನ್ನು ವಿವರಿಸಲು ಬಾಯಿ ತೆರೆದರು. ಅತ್ತೆ ಅವರನ್ನು ನೋಡಿದರು. ಯಜಮಾನರು ಬಾಯಿ ಮುಚ್ಚಿದರು.

ಅತ್ತೆ ಕೌದಿಯನ್ನು ಅಂಗಳದ ನಡುವೆ ಮಲಗಿಸಿ ಅದರ ಬಾಜೂಕ್ಕೆ ಕುಳಿತರು. "ಗಂಗವ್ವಾ, ಅರಿಬಿ ಹರದಿಲ್ಲ. ಹೊಲಿಗಿ ಅಷ್ಟ ಕೆಟ್ಟೈತಿ. ಕೂಸಿಗೇನು ಗಡಿಬಿಡಿ ಇಲ್ಲ. ಸಂಜೀಕ ತೊಟ್ಟಲಾಗ ಹಾಕೂಣು. ಏ ಹುಡಿಗ್ಯಾರ, ಪಿನ್ನು, ಸೂಜಿ, ಬ್ಲೇಡು, ಏನೈತಿ ತರ್ರಿ. ಕುಂದರ್ರಿ ಎಲ್ಲಾರೂ!"

ಬಂದ ಹೆಣ್ಣುಮಕ್ಕಳೆಲ್ಲ ಜರಿ ಸೀರೆಯಲ್ಲೇ ಸುತ್ತ ಕುಳಿತರು. ಅತ್ತೆ ನನ್ನ ಕೈಯಿಂದ ಹೊಲಿಯುವ ಸೂಜಿ ಕಸಿದುಕೊಂಡು ಪಿನ್ನು ಕೊಟ್ಟರು. "ನೀ ಬರೇ ಬಿಚ್ಚು."

ಬಿಚ್ಚಿದೆ. ಕಣ್ಣು ಎತ್ತದೆ ಬಿಚ್ಚಿದೆ. ಯಾವ ಹೊಲಿಗೆ ಯಾವುದರ ಮೇಲೆ ಹತ್ತಿದೆ, ಎಲ್ಲಿ ಎಳೆದರೆ ಸಾಲೆಲ್ಲ ಸರ್ರನೆ ಬರುತ್ತದೆ ಎಂಬುದು ಸ್ವಲ್ಪ ಹೊತ್ತಿಗೆ ಕೈಗೆ ತಿಳಿದುಬಿಟ್ಟಿತು. ಉಳಿದವರು ಒಂದು ಸಾಲು ಬಿಚ್ಚುವಷ್ಟರಲ್ಲಿ ನನ್ನ ಪಾಲಿನದು ಖಾಲಿ! ಬಿಡುಗಡೆಯಾದ ಒಂದೊಂದು ಸೀರೆಯನ್ನೂ ಗಂಗಕ್ಕ ಕೈಗೆತ್ತಿಕೊಂಡು ಜಾಡಿಸಿದರು. "ಇದು ನನ್ನ ಮದುವ್ಯಾಗ ಉಟ್ಟಿದ್ಲು... ಇದನ್ನ ಉಟಗೊಂಡ ಎಮ್ಮಿ ಹಿಂಡತಿದ್ಲು, ನಾವು ಬೈತಿದ್ದಿವಿ." ಹೇಳುತ್ತ ಹೇಳುತ್ತ ನಗತೊಡಗಿದರು.

ನಡುವೆ ಒಂದು ಹಸಿರು ತುಂಡು ಸಿಕ್ಕಿತು.

"ಇದು ನಮ್ಮವ್ವನದಲ್ಲ," ಎಂದರು.

"ನಂದ," ಅಂದರು ಅತ್ತೆ, ಗಂಭೀರವಾಗಿ. "ನಿನ್ನೆ ನಾನೂ ಸ್ವಲ್ಪದಾಗ ಒಳಗ ಹೋಗಾಕಿ ಇದ್ದೆ."

ಅಂಗಳವೆಲ್ಲ ನಕ್ಕಿತು. ಗಂಗಕ್ಕ ಆ ತುಂಡನ್ನು ತೆಗೆಯಗೊಡಲಿಲ್ಲ. ಇರಲಿ, ಇನ್ನೊಬ್ಬ ಹಿರೇಮನುಷ್ಯಾಳ ಸೆರಗೂ ಕೂಸಿಗೆ ತಾಗಲಿ ಎಂದರು. ಪದರಗಳನ್ನು ಬಿಸಿನೀರಿನಲ್ಲಿ ಜಾಲಾಡಿ, ಗಂಜಿ ಬಿಡಿಸಿ, ಬಿಸಿಲಿಗೆ ಒಣಗಿಸಿದರು. ಆಮೇಲೆ ಒಬ್ಬೊಬ್ಬರು ಒಂದೊಂದು ಬದಿಯಿಂದ ಸಡಿಲವಾಗಿ ಕೈಹೊಲಿಗೆ ಓಡಿಸಿದರು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂಬ ಪದ್ಧತಿಯಂತೆ ನಡುವಿನ ಕೊನೆಯ ತೇಪೆಯೊಳಗೆ ಅಂದಿನ ಹೋಳಿಗೆಯ ಒಂದು ಚೂರು ಇಟ್ಟರು. ಹೊತ್ತು ಇಳಿಯುವ ಮುಂಚೆ ಕೂಸನ್ನು ಅದರ ಮೇಲೆ ಮಲಗಿಸಿದರು. ಕೂಸು ಒಮ್ಮೆ ಆಕಳಿಸಿ ನಿದ್ದೆಹೋಯಿತು. ಗಂಗಕ್ಕ ನನ್ನ ಅತ್ತೆಯ ಕೈ ಹಿಡಿದುಕೊಂಡೇ ಜೋಗುಳ ಹಾಡಿದರು.

ಉದ್ದ ಕುತ್ತಿಗೆಯ ಮಷಿನ್ನನ್ನು ಯಜಮಾನರು ತಾಡಪತ್ರಿ ಅಂಗಡಿಗೆ ದಾನ ಮಾಡಲು ಹೋದರು. ಅಂಗಡಿಯವರು ಬೇಡವೆಂದು ಕೈ ಮುಗಿದರು.

ಕೆಲವು ದಿನಗಳ ನಂತರ ಖಾನಾಪುರದ ಕಡೆಯ ಹೆಂಗಸೊಬ್ಬರು ಬಗಲಲ್ಲಿ ಗಂಟು ಹಿಡಿದು ನಮ್ಮ ಮನೆ ಹುಡುಕಿಕೊಂಡು ಬಂದರು. "ಶಾಂತಕ್ಕ ಅಂದ್ರ ನೀವ ಏನ್ರಿ? ಗಂಗಕ್ಕನ ಅಂಗಳದಾಗ ನಿಮ್ಮ ಕೈಚಳಕ ನೋಡಿದವರೆಲ್ಲಾ ನಿಮ್ಮದ ಮಾತಾಡ್ತಾರ್ರಿ!"

ನನ್ನ ಎದೆ ಉಬ್ಬಿತು. ಅಂತೂ ಇಡೀ ಸೀಮೆಯಲ್ಲಿ ಹೆಸರಾಯಿತು! ಸೆರಗು ಸರಿಮಾಡಿಕೊಂಡು, ಬೇಡಿಕೆ ಹೆಚ್ಚಾದ ಕಲಾವಿದೆಯ ಬಿಗುವಿನಲ್ಲಿ ಹೇಳಿದೆ: "ಸದ್ಯ ಹೊಸಾ ಕೌದಿ ಹೊಲ್ಯಾಕ ತಗೊಳ್ಳಾಕತ್ತಿಲ್ರಿ. ಆದ್ರೂ ನೀವು ಅಷ್ಟು ದೂರದಿಂದ ಬಂದೀರಿ ಅಂತ..."

"ಹೊಲ್ಯಾಕ ಅಲ್ರಿ ಅಕ್ಕಾರ," ಎಂದು ಅವರು ಗಂಟು ಬಿಚ್ಚಿದರು. ಒಳಗೆ ಜಂಪರುಗಳ ರಾಶಿ. "ಟೇಲರ್ ಎಲ್ಲಾ ಬಿಗಿ ಹೊಲದು ಇಟ್ಟಾನ. ಹೊಲಿಗಿ ಬಿಚ್ಚೂದಂದ್ರ ನಿಮ್ಮಂಥಾಕಿ ಯಾರೂ ಇಲ್ಲ ಅಂದ್ರು, ಅದಕ್ಕ ಬಂದೆ."

ಒಳಗಿನಿಂದ ಅತ್ತೆಯ ದನಿ ಕೇಳಿತು: "ತಗೋ ಶಾಂತಾ, ತಗೋ. ಅಂತೂ ಒಂದು ವಿದ್ಯಾ ಬಂತಲ್ಲ ನಿನಗ!"

ತಗೊಂಡೆ.