ಸ್ಟೂಲಿಗಾಗಿ ಒಂದು ಕ್ರಾಂತಿ

ಮೊಳೆಯಣ್ಣನಿಗೆ ಬೇಕಾಗಿದ್ದದ್ದು ಒಂದು ಸ್ಟೂಲ್, ಅಷ್ಟೇ. ಆ ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷ ನಿಂತುಕೊಂಡೇ ಅಚ್ಚುಮೊಳೆ ಜೋಡಿಸಿ ಅವನಿಗೆ ಈ ಹೆಸರೂ ಬಂದಿತ್ತು, ಮಂಡಿನೋವೂ ಬಂದಿತ್ತು. ಅಲ್ಲಿದ್ದದ್ದು ಒಂದೇ ಕುರ್ಚಿ, ಯಜಮಾನರದ್ದು. ಅವರನ್ನು ಕೇಳೋಣವೆಂದರೆ, ಪಾಪ, ಎದುರು ಹೋದ ಕೂಡಲೇ ಬಾಯಿಗೆ ಬೀಗ ಬೀಳುತ್ತಿತ್ತು.

ಅಂದು ಬೆಳಿಗ್ಗೆ ಕೈಗೆ ಬಂದ ಕೆಲಸ ಯಾವುದೋ ಕ್ರಾಂತಿ ಸಂಘದ ಘೋಷಣಾಪತ್ರ. ಅವನು ಅಕ್ಷರ ನೋಡುತ್ತಿದ್ದನೇ ಹೊರತು ಅರ್ಥದ ತಂಟೆಗೆ ಹೋದವನಲ್ಲ. ಆದರೆ ‘ಬಾಗಿದ ಬೆನ್ನುಗಳೇ, ಇನ್ನೆಷ್ಟು ದಿನ ಸುಮ್ಮನಿರುತ್ತೀರಿ?’ ಎಂಬ ಸಾಲು ಬಂದಾಗ ಕೈ ನಿಂತಿತು. ಯಾರೋ ತನ್ನ ಬೆನ್ನನ್ನೇ ಕಂಡು ಬರೆದಂತಿತ್ತು. ಊಟದ ಬಿಡುವಿನಲ್ಲಿ ಕಾಗದ ತೆಗೆದು ಬರೆದ: ‘ಯಜಮಾನರೇ, ನನಗೆ ಮಂಡಿನೋವು. ಒಂದು ಸ್ಟೂಲ್ ಕೊಡಿಸಿ.’

ಹೆಗಲ ಮೇಲಿಂದ ಇಣುಕಿದ ಮೆಷಿನ್‌ನವನು ಮುಖ ಸಿಂಡರಿಸಿದ. “ಇದೇನಯ್ಯಾ, ರಜಾ ಚೀಟಿ ಥರ ಇದೆ. ‘ನಾನು’ ಅಂತ ಬರೀಬೇಡ, ‘ನಾವು’ ಅಂತ ಬರಿ. ಆ ಪತ್ರದಲ್ಲಿ ನೋಡಲಿಲ್ವಾ?”

ಬೈಂಡರ್ ಅಕ್ಕ ಅಂಟಿನ ಕೈ ಒರೆಸಿಕೊಂಡು ಬಂದಳು. “ಮಂಡಿನೋವು ಅಂದ್ರೆ ಎಣ್ಣೆ ಹಚ್ಕೋ ಅಂತಾರೆ. ಅದರಲ್ಲಿರೋ ಹಾಗೆ ಪ್ರಶ್ನೆ ಕೇಳು. ಆಗ ಓದೋರಿಗೆ ಉತ್ತರ ಕೊಡಲೇಬೇಕು ಅನ್ಸುತ್ತೆ.”

ಹಾಗೆ ಹುಟ್ಟಿತು: ‘ಒಬ್ಬರು ಕೂತು, ಇನ್ನೊಬ್ಬರು ದಿನವಿಡೀ ನಿಲ್ಲುವುದು ಯಾವ ನ್ಯಾಯ?’ ಮೂವರಿಗೂ ಮೈ ಜುಮ್ಮೆಂದಿತು.

ಕೊನೆಗೆ ಕರಡು ತಿದ್ದುವ ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಕೈಗೆ ಸಿಕ್ಕಿದ್ದನ್ನು ತಿದ್ದದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. “ಇಷ್ಟು ದೊಡ್ಡ ಮಾತಾಡಿ ಕೊನೇಲಿ ಸ್ಟೂಲ್ ಕೇಳ್ತೀಯಲ್ಲಪ್ಪ, ತೂಕ ಹೋಗುತ್ತೆ” ಎಂದು ಆ ಸಾಲನ್ನು ಹೊಡೆದುಹಾಕಿ, ‘ಈ ಭೇದ ಇಂದೇ ಅಳಿಯಲಿ’ ಎಂದು ಸೇರಿಸಿದರು. ಓದಲು ಚೆನ್ನಾಗಿಯೇ ಇತ್ತು. ಮೊಳೆಯಣ್ಣನೂ ತಲೆಯಾಡಿಸಿದ. ನಾಲ್ವರೂ ಸೇರಿ ಅದನ್ನು ಯಜಮಾನರ ಮೇಜಿನ ಮೇಲಿಟ್ಟರು.

ಯಜಮಾನರು ಎರಡು ಸಲ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ನಿಮ್ಮೆದುರೇ ಕೂತಿದ್ದೆನಲ್ಲಪ್ಪ, ನಾಚಿಕೆ ಆಗ್ತಿದೆ. ಇವತ್ತಿಂದ ನಾನೂ ನಿಂತೇ ಕೆಲಸ ಮಾಡ್ತೀನಿ” ಎಂದವರೇ ತಮ್ಮ ಕುರ್ಚಿಯನ್ನು ಆ ಕ್ರಾಂತಿ ಸಂಘದ ಕಚೇರಿಗೆ ಕಳಿಸಿಬಿಟ್ಟರು. ಕಾಗದವನ್ನು ಜೋಪಾನವಾಗಿಟ್ಟುಕೋ ಎಂದು ಮೊಳೆಯಣ್ಣನ ಜೇಬಿಗೆ ತುರುಕಿ, ಸಂಜೆಯವರೆಗೂ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟು ಪಕ್ಕದಲ್ಲೇ ನಿಂತರು. ಮುಂಚೆ ಅವರು ನೋಡದಿದ್ದಾಗ ಗೋಡೆಗಾದರೂ ಒರಗಬಹುದಿತ್ತು. ಈಗ ಅದೂ ಹೋಯಿತು.

ಮನೆಗೆ ಬಂದಾಗ ಹೆಂಡತಿ ಮೇಜಿನ ಮುಂದೆ ನಿಂತು ಗಿರಾಕಿಗಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಮೊಳೆಯಣ್ಣ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಸಿದು ಕೂತ.

“ಇವತ್ತಾದ್ರೂ ಸ್ಟೂಲ್ ಸಿಕ್ತಾ?”

“ಸಮಾನತೆ ಸಿಕ್ತು ಕಣೇ” ಎಂದು ಜೇಬಿನಿಂದ ಕಾಗದ ತೆಗೆದ. ಎಷ್ಟಾದರೂ ತಾನು ಬರೆದದ್ದು. ನೋವು ಮರೆತು ಗಟ್ಟಿಯಾಗಿ ಓದಿದ.

ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿಸಿಕೊಂಡಳು. ಓದಿ ಮುಗಿಯುವಷ್ಟರಲ್ಲಿ ಕಣ್ಣು ತೇವವಾಗಿತ್ತು. “ಎಷ್ಟು ಚೆನ್ನಾಗಿ ಬರೆದಿದೀರಿ. ನಾನು ಬೆಳಿಗ್ಗೆಯಿಂದ ನಿಂತಿರೋದು ನಿಮಗೆ ಕಾಣಿಸ್ತಾನೇ ಇಲ್ಲ ಅಂದ್ಕೊಂಡಿದ್ದೆ.”

ಮೊಳೆಯಣ್ಣ ಅವಳ ಪಾದಗಳನ್ನು ನೋಡಿದ. ಊದಿಕೊಂಡಿದ್ದವು. ಇಷ್ಟು ವರ್ಷ ಇದನ್ನು ನೋಡಲೇ ಇಲ್ಲವಲ್ಲ ಎನಿಸಿತು. ಮಂಡಿ ಹಿಡಿದುಕೊಂಡು ಎದ್ದು, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡ.

“ಕಾಲರ್ ಮೊದಲು ತಿಕ್ಕಿ” ಎಂದಳು ಅವಳು, ಕಾಲು ಚಾಚಿಕೊಂಡು. “ಹಾಗೇ ಇನ್ನೊಂದ್ಸಲ ಓದಿ, ಕೇಳೋಣ.”