ಕೇಳಿಸದವರ ಬೀದಿ

ಗದ್ದಲವೆಂಬುದು ಕೇಳುವವನ ಕಿವಿಯಲ್ಲಿರುತ್ತದೆಯೇ ಹೊರತು ರಸ್ತೆಯಲ್ಲಲ್ಲ ಎಂಬುದನ್ನು ನಗರದ ಶಬ್ದ ನಿಯಂತ್ರಣ ಇಲಾಖೆಯು ಕೂಲಂಕಷವಾಗಿ ಪರಿಶೀಲಿಸಿ ಅಂಗೀಕರಿಸಿದೆ. ಮೇಲ್ಸೇತುವೆಯ ಮಗ್ಗುಲಿನ ಬೀದಿಯ ದರ್ಜಿಗೆ ಈ ತತ್ತ್ವದ ಪರಿಚಯವಾದದ್ದು ಅವನೇ ಕೊಟ್ಟ ದೂರಿನಿಂದ.

ಲಾರಿಗಳು ಅವನ ಕಿಟಕಿಯ ಎತ್ತರದಲ್ಲೇ ಓಡುತ್ತಿದ್ದವು. ಅವನ ಎಡಗಿವಿ ಎಂದೋ ಹೋಗಿತ್ತು. ಹೆಂಡತಿಗೆ ಎರಡೂ ಮಂದ. ಅದನ್ನವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಏಳು ವರ್ಷದ ಮಗಳು ಆ ಸದ್ದಿನ ನಡುವೆಯೂ "ಅಪ್ಪಾ, ಸೂಜಿ ಬಿತ್ತು" ಎನ್ನುತ್ತಿದ್ದಳು. ಆ ಕಿವಿಗಳಾದರೂ ಉಳಿಯಲೆಂದು ಅವನು ಸೇತುವೆಗೊಂದು ತಡೆಗೋಡೆ ಕೇಳಿದ. ಕೆರೆಯಾಚೆಯ ಬಡಾವಣೆಗೆ ಅಂಥ ಗೋಡೆ ಆಗಲೇ ಎದ್ದಿತ್ತು. ಅಲ್ಲಿನ ನಾಯಿಗಳ ನಿದ್ದೆ ಕೆಡುತ್ತಿತ್ತಂತೆ.

ತನಿಖೆಗೆ ಬಂದ ಅಧಿಕಾರಿ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ದರ್ಜಿ ತಲೆಯೆತ್ತಲಿಲ್ಲ. ಭುಜ ಮುಟ್ಟಿದ ಮೇಲೆ ಗಡಬಡಿಸಿ ಎದ್ದು, ಹೊಲಿಗೆ ಯಂತ್ರಕ್ಕೆ ಕಟ್ಟಿದ್ದ ದಾರವೊಂದನ್ನು ಜಗ್ಗಿದ. ಒಳಗಿನಿಂದ ಹೆಂಡತಿ ನೀರು ತಂದಳು.

"ಇದೇನಯ್ಯಾ ದಾರ?" ಅಧಿಕಾರಿ ಅವನ ಬಲಗಿವಿಯ ಹತ್ತಿರ ಬಾಗಿ ಕೂಗಿ ಕೇಳಿದ.

"ಕೂಗಿದ್ರೆ ಕೇಳಲ್ಲ ಸ್ವಾಮಿ. ಬೀದೀಲಿ ಎಲ್ಲರ ಮನೇಲೂ ಹೀಗೇ. ಒಂದು ಸಲ ಜಗ್ಗಿದ್ರೆ ನೀರು, ಎರಡು ಸಲಕ್ಕೆ ಊಟ."

"ಮೂರು ಸಲ?"

"ಜಗಳ."

"ಅಂದ್ರೆ ಇಲ್ಲಿ ಯಾರಿಗೂ ಕಿವಿ ಕೇಳಲ್ಲ?"

"ಲಾರಿ ಸದ್ದಿಗೇ ಹೀಗಾಗಿದ್ದು ಸ್ವಾಮಿ."

"ಆಗಿದ್ದು ಆಯ್ತು ಬಿಡು. ಈಗ ಸದ್ದಿನ ತೊಂದ್ರೆ ಇಲ್ವಲ್ಲ!" ಅಧಿಕಾರಿಯ ಮುಖ ಅರಳಿತು.

ವಾರದೊಳಗೆ ಪ್ರಕಟಣೆ ಹೊರಬಿತ್ತು: "ಸದರಿ ಬೀದಿಯು ಶಬ್ದಬಾಧೆಯಿಂದ ಸಂಪೂರ್ಣ ಮುಕ್ತವಾಗಿರುವುದು ದೃಢಪಟ್ಟಿದೆ. ಆದ್ದರಿಂದ ನಗರದ ಸಮಸ್ತ ಭಾರೀ ವಾಹನಗಳನ್ನು ಇನ್ನು ಮುಂದೆ ಈ ಮಾರ್ಗದಲ್ಲೇ ಬಿಡತಕ್ಕದ್ದು. ಚಾಲಕರು ಹಾರ್ನ್ ಬಳಸಲು ಸಂಕೋಚಪಡಬೇಕಾಗಿಲ್ಲ." ಬೀದಿಗೆ ಪ್ರಶಾಂತ ವಲಯವೆಂಬ ಪ್ರಶಸ್ತಿಯೂ, ಅದರೊಂದಿಗೆ ಮನೆಮನೆಗೆ ನಲ್ಲಿಯೂ ಮಂಜೂರಾದವು.

ದರ್ಜಿ ಕಚೇರಿಗೆ ಓಡಿದ. "ನನ್ನ ಮಗಳಿಗೆ ಚೆನ್ನಾಗಿ ಕೇಳುತ್ತೆ ಸ್ವಾಮಿ!"

ಅಧಿಕಾರಿ ಬೆಚ್ಚಿಬಿದ್ದ. "ಇದನ್ನ ಮುಚ್ಚಿಟ್ಟಿದ್ಯಾ? ಪ್ರಶಾಂತ ವಲಯದಲ್ಲಿ ಕೇಳೋ ಕಿವಿ ಇಟ್ಕೊಂಡು ವಾಸ ಮಾಡೋದು ಅತಿಕ್ರಮಣ ಕಣಯ್ಯಾ. ಮನೆ ಖಾಲಿ ಮಾಡಿಸ್ಬೇಕಾಗುತ್ತೆ." ದರ್ಜಿಯ ಮುಖ ನೋಡಿ ಅವನ ಕರುಳು ಚುರಕ್ಕೆಂದಿತು. "ಅಳಬೇಡ. ಮಗು ಅಲ್ವಾ, ಮಳೆಗಾಲ ಮುಗಿಯೋವರೆಗೂ ಅವಕಾಶ ಕೊಡ್ತೀನಿ."

"ಯಾತಕ್ಕೆ ಸ್ವಾಮಿ?"

"ಹೊಂದ್ಕೊಳ್ಳೋಕೆ."

ಬೀದಿಯಲ್ಲೂ ಯಾರೂ ಅವನ ಪರ ನಿಲ್ಲಲಿಲ್ಲ. "ಒಂದು ಹುಡುಗಿ ಕಿವಿಗೋಸ್ಕರ ಬೀದಿಯವರೆಲ್ಲ ನಲ್ಲಿ ಕಳ್ಕೊಳ್ಳೋದಾ?" ಎಂದು ಪಕ್ಕದ ಮನೆಯ ಅಜ್ಜಿ ಅವನ ಬಲಗಿವಿಯ ಹತ್ತಿರ ಬಂದು ಅರಚಿದಳು. ಬೇರೆ ಕಡೆ ಮನೆ ಹುಡುಕಿದ. ನಿಶ್ಶಬ್ದದ ಬಾಡಿಗೆ ಅವನ ಕೈಗೆಟುಕಲಿಲ್ಲ. ಮಗಳ ಕಿವಿಗೆ ಹತ್ತಿ ತುರುಕಿದ, ಅದರ ಮೇಲೆ ಬಟ್ಟೆ ಸುತ್ತಿದ. ಹಗಲೂ ರಾತ್ರಿ ಲಾರಿಗಳು ಹರಿದವು.

ಒಂದು ದಿನ ಮಗಳು ಕೇಳಿದಳು: "ಅಪ್ಪಾ, ಎಲ್ಲರೂ ಯಾಕೆ ಪಿಸುಪಿಸು ಮಾತಾಡ್ತೀರಿ?"

ಮಳೆಗಾಲ ಮುಗಿಯಿತು. ಇಲಾಖೆಯ ವೈದ್ಯರು ಬೀದಿಯವರೆಲ್ಲರ ಸಮಕ್ಷಮ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಹತ್ತಿ ತೆಗೆಸಿ, ಬೆನ್ನ ಹಿಂದೆ ಗಂಟೆ ಬಾರಿಸಿದರು. ಅವಳು ತಿರುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅದಕ್ಕೂ ತಿರುಗಲಿಲ್ಲ.

"ಇನ್ನೇನಯ್ಯಾ, ನಿಶ್ಚಿಂತೆಯಾಗಿರು" ಎಂದು ಅಧಿಕಾರಿ ಕೈ ಕುಲುಕಿದ. ದರ್ಜಿ ಬಲಗಿವಿಯನ್ನು ಅವನತ್ತ ಚಾಚಿ ಇನ್ನೊಮ್ಮೆ ಹೇಳಿಸಿಕೊಂಡು, ಉಪಕಾರವಾಯಿತೆಂದ.