ಸೆಕ್ರೆಟರಿಗಳ ಕಪ್ಪು ಪೆಟ್ಟಿಗೆ

ಎಲ್ಲಾ ರಗಳೆಗೂ ಮೂಲ ಹದಿನೆಂಟು ಮಿಲಿಮೀಟರು. ಪ್ಲೈವುಡ್ಡಿನ ದಪ್ಪ ಅಷ್ಟು. ಸೆಕ್ರೆಟರಿಗಳು ತಮ್ಮ ಕಾರಿಗೆ ಆಳದ ದನಿ ಕೊಡುವ ಸ್ಪೀಕರಾದ ಸಬ್‌ವೂಫರಿಗೆ ಪೆಟ್ಟಿಗೆ ಮಾಡಲು ಹೊರಟಾಗ ಉದ್ದ, ಅಗಲ, ಎತ್ತರವನ್ನು ಮೂರು ಮೂರು ಸಲ ಅಳೆದು, ಗುಣಿಸಿ, ಒಳಗೆ ಎಷ್ಟು ಗಾಳಿ ಹಿಡಿಯುತ್ತದೆಂದು ಲೆಕ್ಕ ಹಾಕಿ, ಉತ್ತರದ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದರು. ಅಳೆದದ್ದು ಮಾತ್ರ ಹೊರಗಿನಿಂದ. ಹಲಗೆಗೂ ದಪ್ಪ ಅಂತ ಒಂದಿರುತ್ತದೆ, ಅದು ಒಳಗಿನ ಜಾಗವನ್ನೇ ತಿನ್ನುತ್ತದೆ ಎಂದು ಅವರಿಗೆ ಹೊಳೆದದ್ದು ಅಂಟು ಒಣಗಿ, ಸ್ಕ್ರೂ ಬಿಗಿದು, ಸಂದುಗಳಿಗೆಲ್ಲ ಸಿಲಿಕೋನ್ ಮೆತ್ತಿ, ಮೇಲೆ ಕಪ್ಪು ಬಟ್ಟೆ ಸುತ್ತಿ ಆದಮೇಲೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸೆಕ್ರೆಟರಿಗಳು ಅಂದರೆ ಹದಿನಾರು ಮನೆಗಳ ಒಂದು ಕಟ್ಟಡಕ್ಕೆ ಸೆಕ್ರೆಟರಿ. ಹೊಟ್ಟೆಪಾಡಿಗೆ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಇಪ್ಪತ್ತೆರಡು ವರ್ಷ ತುಟಿಯ ಮೇಲೆ ಬೆರಳಿಟ್ಟು "ಶ್" ಅಂದೂ ಅಂದೂ, ಮನೆಗೆ ಬಂದಮೇಲೂ ಆ ಬೆರಳು ಕೆಳಗಿಳಿಯುತ್ತಿರಲಿಲ್ಲ. "ಕಟ್ಟಡದಲ್ಲಿ ಅನಗತ್ಯ ಸದ್ದು ಮಾಡಿದವರ ಮೇಲೆ ಕಠಿಣ ಕ್ರಮ" ಎಂದು ಹದಿನಾರು ಬಾಗಿಲುಗಳ ಕೆಳಗೂ ಸುತ್ತೋಲೆ ತೂರಿಸಿದವರು ಇವರೇ. ಅಂಥವರು ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನಿಂದ ಧಿಮ್ ಎಂದು ಬಂದ ಸದ್ದು ಅವರ ಎದೆಗೂಡಿಗೇ ಇಳಿಯಿತು. ಅಂದಿನಿಂದ ಊಟ ರುಚಿಸಲಿಲ್ಲ. ನನಗೂ ಒಂದು ಬೇಕು, ಆದರೆ ಯಾರಿಗೂ ಗೊತ್ತಾಗಬಾರದು ಅನ್ನಿಸಿತು. ಈ ಆಸೆಗೆ ಅವರು ಒಳಗೊಳಗೇ ನಾಚುತ್ತಿದ್ದರು, ನಾಚಿಕೊಂಡೇ ಹಲಗೆ ಕೊಯ್ದರು.

ಭಾನುವಾರ ಬೆಳಗ್ಗೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಡಿಕ್ಕಿಯೊಳಗೆ ಪೆಟ್ಟಿಗೆ ಕೂತಿತು. ಸ್ಪೀಕರಿನ ಮುಖ ಸೀಟಿನ ಕಡೆ, ಗಾಳಿ ಆಡುವ ಉದ್ದನೆಯ ಸೀಳು ಡಿಕ್ಕಿಯ ಬಾಗಿಲಿನ ಕಡೆ. ಒಳಜಾಗ ಚಿಕ್ಕದಾಗಿದ್ದಕ್ಕೆ ಬರಬೇಕಾದ ಆಳದ ದನಿ ಬರದೆ, ಅದಕ್ಕಿಂತ ಮೇಲಿನ ಒಂದು ಗುಂಯ್‌ಗುಡುವ ದನಿ ಬರುತ್ತಿತ್ತು. ಇದಕ್ಕೆ ಮದ್ದೆಂದರೆ ಸೀಳನ್ನು ಕಿರಿದು ಮಾಡುವುದು. ಒಂದೊಂದೇ ಪಟ್ಟಿ ಪ್ಲೈವುಡ್ ತೂರಿಸಬೇಕು, ಮೊಬೈಲಿನಿಂದ ಒಂದೇ ಸ್ವರ ಬಿಟ್ಟು ಕೇಳಬೇಕು, ಮತ್ತೆ ತೂರಿಸಬೇಕು. ಸೆಕ್ರೆಟರಿಗಳು ಒಂದು ಪಟ್ಟಿ ತೂರಿಸಿ, ಡಿಕ್ಕಿ ಮುಚ್ಚಿ, ಕಾರಿನ ಗಾಜೆಲ್ಲ ಏರಿಸಿ, ಒಳಗೆ ಕೂತು, ಮೊದಲ ಸ್ವರ ಬಿಟ್ಟರು. ಹೊರಗೆ ಏನೂ ಕೇಳಿಸಲಾರದು ಎಂದು ಅವರ ಧೈರ್ಯ. ಅದು ಕಂಬಗಳನ್ನೂ ಪೈಪುಗಳನ್ನೂ ಹಿಡಿದು ಮೇಲಕ್ಕೆ ಹತ್ತಿತು.

ಎರಡು ನಿಮಿಷದಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಸೆಕ್ರೆಟರಿಗಳು ಮೊಬೈಲ್ ಆರಿಸಿ, ಕಾರಿನಿಂದಿಳಿದು ನಿಂತರು. ಬಂದವರು ಎರಡನೇ ಮಹಡಿಯ ನಿವೃತ್ತ ಕಾಂಪೌಂಡರು.

"ಸೆಕ್ರೆಟರಿಗಳೇ, ನನ್ನ ಎದೆ ಮುಟ್ಟಿ ನೋಡಿ. ಎರಡೆರಡು ಬಡ್ಕೋತಿದೆ. ಒಂದು ನಂದು, ಇನ್ನೊಂದು ಯಾರದ್ದೋ!"

ಅವರ ಹಿಂದೆಯೇ ಮೊದಲ ಮಹಡಿಯ ಟೈಲರಮ್ಮ. "ನನ್ನ ಗುಂಡಿ ಡಬ್ಬ ತಾನೇ ನಡ್ಕೊಂಡು ಹೋಗಿ ಮೇಜಿಂದ ಬಿತ್ತು ಕಣ್ರೀ. ಯಾರ ಕೆಲಸ ಇದು? ಕಠಿಣ ಕ್ರಮ ಅಂತ ಬರೆದಿದ್ರಲ್ಲ, ತಗೊಳ್ಳಿ ಮತ್ತೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಸೆಕ್ರೆಟರಿಗಳು ನಿಜವಾಗಿಯೂ ಹೆಗಲು ಮುಟ್ಟಿ, ಅಲ್ಲಿದ್ದ ಮರದ ಹೊಟ್ಟನ್ನು ಕೊಡವಿದರು. "ಯಾರೇ ಆಗ್ಲಿ, ನಾನು ಬಿಡಲ್ಲ" ಎಂಬ ಮಾತು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಟ್ಟಿತು. ಆಡಿದ ಮೇಲೆ ಕಿವಿ ಬಿಸಿಯಾಯಿತು.

ಹೀಗೆ ತಮ್ಮನ್ನು ತಾವೇ ಹುಡುಕಲು ಸೆಕ್ರೆಟರಿಗಳು ಮುಂದಾಳಾಗಿ ಹೊರಟರು. ಕಾಂಪೌಂಡರು ಹಳೆಯ ಸ್ಟೆತಸ್ಕೋಪ್ ತಂದು ಮಹಡಿ ಮಹಡಿಯ ಗೋಡೆಗೂ ಇಟ್ಟು ಕೇಳಿ, "ಈ ಗೋಡೆಗೇನೂ ತೊಂದ್ರೆ ಇಲ್ಲ" ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಹಿಂದೆ ಜನ ಸೇರುತ್ತಾ ಹೋದರು. ಮೂರನೇ ಮಹಡಿಯಲ್ಲಿ ಸೆಕ್ರೆಟರಿಗಳು, "ನೀವು ಮೇಲೆ ನೋಡ್ತಿರಿ, ನಾನು ಕೆಳಗಡೆ ಒಂದ್ಸಲ ನೋಡ್ಬಿಟ್ಟು ಬರ್ತೀನಿ" ಎಂದು ಜಾರಿಕೊಂಡರು.

ಪೆಟ್ಟಿಗೆ ಬಿಚ್ಚಿ ಅಡಗಿಸೋಣ ಎಂದೇ ಅವರು ಇಳಿದದ್ದು. ಆದರೆ ಚಟ ಅನ್ನುವುದು ಕೆಟ್ಟದ್ದು. ಇನ್ನೊಂದು ಪಟ್ಟಿ ತೂರಿಸಿದರೆ ದನಿ ಕೆಳಗಿಳಿದು ಯಾರಿಗೂ ಕೇಳಿಸದಂತಾಗಬಹುದು, ಒಂದೇ ಒಂದು ಸಲ ನೋಡಿಬಿಡೋಣ ಎಂದು ಮನಸ್ಸು ಪಿಸುಗುಟ್ಟಿತು. ತೂರಿಸಿದರು. ದನಿ ಬಿಟ್ಟರು. ದನಿ ಕೆಳಗಿಳಿದದ್ದು ನಿಜ. ಕಟ್ಟಡಕ್ಕೆ ಮಾತ್ರ ಅದು ಮೊದಲಿನದಕ್ಕಿಂತಲೂ ಹಿಡಿಸಿ, ಗೋಡೆ ಕಿಟಕಿಗಳೆಲ್ಲ ಜೊತೆಗೂಡಿ ನಡುಗಿದವು.

"ಅಯ್ಯಯ್ಯೋ!" ಎಂದು ಮೇಲಿಂದ ಕೂಗು. ಹುಡುಕಾಟದ ನಡುವೆ ಹಲ್ಲು ತೊಳೆಯಲು ಮನೆಗೆ ಹೋಗಿದ್ದ ಕಾಂಪೌಂಡರು ಗಾಜಿನ ಲೋಟ ಹಿಡಿದೇ ಓಡಿಬಂದರು. ಲೋಟದ ನೀರಿನಲ್ಲಿ ಅವರ ಹಲ್ಲಿನ ಸೆಟ್ಟು. "ನೋಧಿ, ನಾನಿಲ್ಲದೇ ಇದು ಕಟಕಟ ಅಂತ ಮಾತಾಥ್ತಿತ್ತು!"

"ಸದ್ದು ಕೆಳಗಿಂದ್ಲೇ ಬರ್ತಿರೋದು. ಕೆಳಗಡೆ ಏನಿದೆ? ಪಂಪು!" ಎಂದರು ಟೈಲರಮ್ಮ. ಇಡೀ ಗುಂಪು ನೆಲಮಾಳಿಗೆಯ ಪಂಪಿನ ಮನೆಗೆ ನುಗ್ಗಿತು, ಸೆಕ್ರೆಟರಿಗಳೂ ಡಿಕ್ಕಿ ಮುಚ್ಚಿ ಹಿಂದೆ ಸೇರಿಕೊಂಡರು.

ನೀರು ಬಿಡುವವನನ್ನು ಎಲ್ಲರೂ ಪಂಪಣ್ಣ ಅನ್ನುತ್ತಿದ್ದರು. ಪಂಪಿನ ಪಕ್ಕದ ಒಂದೇ ಕೋಣೆಯಲ್ಲಿ ಹೆಂಡತಿ, ಎರಡು ಮಕ್ಕಳೊಂದಿಗೆ ಅವನ ವಾಸ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆ. ಮೊಣಕಾಲತನಕ ಒದ್ದೆಯಾಗಿ, ಕೈಯಲ್ಲಿ ಬ್ರಷ್ಷು ಹಿಡಿದು ಬಂದವನು ಗುಂಪನ್ನು ನೋಡಿದ.

"ಏನಪ್ಪಾ, ಪಂಪಿಗೆ ಎಣ್ಣೆಗಿಣ್ಣೆ ಹಾಕಿದ್ಯೋ ಇಲ್ವೋ?" ಹಲ್ಲು ಹಾಕಿಕೊಂಡು ಕಾಂಪೌಂಡರು ಗುಡುಗಿದರು. "ಇಡೀ ಕಟ್ಟಡ ನಡುಗಿಸ್ತಿದ್ದೀಯಲ್ಲ!"

ಪಂಪಣ್ಣ ಬಾಯಿ ತೆರೆದ. ಸೆಕ್ರೆಟರಿಗಳ ಮುಖ ನೋಡಿದ. ಬಾಯಿ ಮುಚ್ಚಿ ತಲೆ ತಗ್ಗಿಸಿದ.

"ನೋಡಿದ್ರಾ, ಮಾತೇ ಇಲ್ಲ. ಬೇರೆಯವರನ್ನ ಇಟ್ಕೊಳ್ಳೋಣ. ಸೆಕ್ರೆಟರಿಗಳೇ, ಬರೀರಿ ನೋಟೀಸು," ಎಂದರು ಕಾಂಪೌಂಡರು.

ಬಾಗಿಲ ಸಂದಿಯಿಂದ ಪಂಪಣ್ಣನ ಹೆಂಡತಿ ಇಣುಕುತ್ತಿದ್ದಳು. ಸೆಕ್ರೆಟರಿಗಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಒಂದು ಪೆಟ್ಟಿಗೆಯ ಆಸೆಗೆ ಒಂದು ಸಂಸಾರ ಬೀದಿಗೆ ಬೀಳುವುದೇ? ಥೂ, ನನ್ನ ಜನ್ಮಕ್ಕಿಷ್ಟು! ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು. ಕೊನೆಗೆ, "ಬನ್ನಿ, ಒಂದು ತೋರಿಸ್ಬೇಕು ನಿಮಗೆ" ಎಂದು ಎಲ್ಲರನ್ನೂ ಕಾರಿನ ಬಳಿಗೆ ಕರೆದೊಯ್ದು, ಕಣ್ಣು ಮುಚ್ಚಿಕೊಂಡು ಡಿಕ್ಕಿ ಎತ್ತಿದರು.

ನೀಟಾದ ಕಪ್ಪು ಪೆಟ್ಟಿಗೆ. ಮುಂದುಗಡೆ, ಎರಡು ಪಟ್ಟಿ ತೂರಿಸಿ ಕಿರಿದಾದ ಸೀಳು.

"ಆಹಾ!" ಎಂದರು ಟೈಲರಮ್ಮ. "ದೂರಿನ ಪೆಟ್ಟಿಗೆ! ಒಂದು ವರ್ಷದಿಂದ ಕೇಳ್ತಿದ್ವಲ್ಲ!"

"ಸ್ವಂತ ಕೈಯಿಂದ ಮಾಡಿದ್ದೀರಾ? ಅದಕ್ಕೇ ಮೈಯೆಲ್ಲ ಮರದ ಹೊಟ್ಟು!" ಕಾಂಪೌಂಡರು ಪೆಟ್ಟಿಗೆಯ ಬೆನ್ನು ತಟ್ಟಿದರು. "ಬಟ್ಟೆ ಬೇರೆ ಹೊದಿಸಿದ್ದೀರಿ. ಸೆಕ್ರೆಟರಿ ಅಂದ್ರೆ ಹೀಗಿರ್ಬೇಕು!"

ಸೆಕ್ರೆಟರಿಗಳು ಕಣ್ಣು ಬಿಟ್ಟರು. ಬೈಗುಳಕ್ಕೆ ಒಡ್ಡಿದ ಬೆನ್ನಿಗೆ ಶಹಬ್ಬಾಸ್‌ಗಿರಿ ಬಿದ್ದಿತ್ತು. "ಅದು... ಹಾಗಲ್ಲ..." ಎಂದರು. "ಸಂಕೋಚ ಯಾಕ್ರೀ!" ಎಂದಿತು ಗುಂಪು. ಸೆಕ್ರೆಟರಿಗಳು ಸಂಕೋಚಪಟ್ಟು ಸುಮ್ಮನಾದರು. ಆ ಸುಮ್ಮನಾದ ಕ್ಷಣದಲ್ಲಿ ಎಷ್ಟು ಹಾಯೆನಿಸಿತೋ ಅಷ್ಟೇ ಹೇಸಿಗೆಯೂ ಆಯಿತು.

ಪೆಟ್ಟಿಗೆ ಕಂಡು ಕಾಂಪೌಂಡರ ಕೋಪ ಇಳಿದಿತ್ತು. "ಸರಿ, ಪಂಪಣ್ಣನಿಗೆ ಒಂದು ಅವಕಾಶ ಕೊಡೋಣ. ತಪ್ಪಾಯ್ತು ಅಂತ ಒಂದು ಚೀಟಿ ಬರೆದು ಇದರೊಳಗೆ ಹಾಕ್ಲಿ. ಪೆಟ್ಟಿಗೆಗೆ ಅದೇ ಮೊದಲ ಕಾಗದ. ಸೆಕ್ರೆಟರಿಗಳು ಎಲ್ಲರ ಮುಂದೆ ಓದ್ಲಿ, ನೋಟೀಸ್ ಬೋರ್ಡಿಗೆ ಹಚ್ಚೋಣ. ಅಲ್ಲಿಗೆ ಮುಗೀತು."

ಪಂಪಣ್ಣ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ನಿಧಾನವಾಗಿ ಬರೆದ. ಮಡಿಸಿ ಸೀಳಿನೊಳಗೆ ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

"ತೆಗೀರಿ ಈಗ," ಎಂದರು ಕಾಂಪೌಂಡರು. "ಅಲ್ಲಾ, ಬಾಗಿಲೇ ಇಲ್ವಲ್ಲ ಇದಕ್ಕೆ?"

"ಯಾರೂ... ಕದೀಬಾರದು ಅಂತ," ಎಂದರು ಸೆಕ್ರೆಟರಿಗಳು.

ಟೈಲರಮ್ಮನ ಹೆಣಿಗೆ ಕಡ್ಡಿ ಸೋತಿತು. ಕಾಂಪೌಂಡರ ಉದ್ದನೆಯ ಚಿಮಟ ಬಂತು. ಸೆಕ್ರೆಟರಿಗಳು ಡಿಕ್ಕಿಯೊಳಗೆ ಅರ್ಧ ದೇಹ ತೂರಿಸಿ, ತಾವೇ ಮೆತ್ತಿದ ಸಿಲಿಕೋನಿಗೆ ಅಂಟಿಕೊಂಡಿದ್ದ ಚೀಟಿಯನ್ನು ಹಲ್ಲು ಕಿತ್ತಂತೆ ಕಿತ್ತು ತೆಗೆದರು. ಬೋರ್ಡಿನ ಮುಂದೆ ಎಲ್ಲರೂ ಅರ್ಧಚಂದ್ರವಾಗಿ ನಿಂತರು. ಸೆಕ್ರೆಟರಿಗಳು ಚೀಟಿ ಬಿಡಿಸಿದರು.

'ಸಾರ್, ಬೆಳಗ್ಗೆಯಿಂದ ಸಂಪಿನೊಳಗೆ ಇಳಿದು ತೊಳೀತಿದ್ದೆ. ಪಂಪು ಹಾಕೇ ಇಲ್ಲ. ನಿಮ್ಮ ಕಾರಿನ ಸದ್ದು ಸಂಪಿನೊಳಗೆ ಚೆನ್ನಾಗಿ ಕೇಳಿಸ್ತು. ನಿಮ್ಮ ಮರ್ಯಾದೆ ಹೋಗಬಾರದು ಅಂತ ಸುಮ್ಮನಿದ್ದೆ. ನೀವೂ ಸುಮ್ಮನಿದ್ದಿರಿ.'

"ಜೋರಾಗಿ ಓದಿ," ಎಂದರು ಕಾಂಪೌಂಡರು.

ಸೆಕ್ರೆಟರಿಗಳು ಚೀಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರು. ಇರುವುದನ್ನು ಇದ್ದಂತೆ ಓದಿದರೆ ಸಾಕಿತ್ತು, ಮನುಷ್ಯರಾಗಿಬಿಡುತ್ತಿದ್ದರು. ಅವರು ಕೆಮ್ಮಿ, ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಓದಿದರು: "ಪಂಪಿಗೆ ಎಣ್ಣೆ ಹಾಕುವುದನ್ನು ಮರೆತೆ. ದಯವಿಟ್ಟು ಕ್ಷಮಿಸಿ. ಇನ್ನು ಮುಂದೆ ಹೀಗೆ ಆಗುವುದಿಲ್ಲ."

ಪಂಪಣ್ಣ ತಲೆಯೆತ್ತಿ ಅವರನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೆಕ್ರೆಟರಿಗಳಿಗೆ ಎಷ್ಟೋ ವಾಸಿಯಿತ್ತು.

"ಭೇಷ್! ಚೆನ್ನಾಗಿ ಬರೆದಿದ್ದಾನೆ," ಎಂದು ಕಾಂಪೌಂಡರು ಸರಕ್ಕನೆ ಅವರ ಕೈಯಿಂದ ಚೀಟಿ ಕಿತ್ತುಕೊಂಡು, ಪಿನ್ನು ಚುಚ್ಚಲು ಬೋರ್ಡಿನ ಕಡೆ ತಿರುಗಿದರು. ತಿರುಗಿದವರು ಕನ್ನಡಕ ಸರಿಮಾಡಿಕೊಂಡರು. ತುಟಿ ಅಲ್ಲಾಡಿತು. ನಿಂತಿತು. ಚೀಟಿಯನ್ನು ಟೈಲರಮ್ಮನ ಕೈಗೆ ಕೊಟ್ಟರು. ಅವರು ಓದಿ ಪಕ್ಕದವರಿಗೆ ಕೊಟ್ಟರು. ಚೀಟಿ ಅರ್ಧಚಂದ್ರದ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸು ಬಂತು. ಕಾಂಪೌಂಡರು ಅದನ್ನು ನಾಲ್ಕು ಮೂಲೆಗೂ ಪಿನ್ನು ಹಾಕಿ ನೇರವಾಗಿ ಹಚ್ಚಿದರು. ಒಬ್ಬೊಬ್ಬರೇ ಮೆಟ್ಟಿಲು ಹತ್ತಿದರು.

ಕಟ್ಟಡದಲ್ಲಿ ಅಷ್ಟು ನಿಶ್ಶಬ್ದ ಎಂದೂ ಇರಲಿಲ್ಲ. ಸೆಕ್ರೆಟರಿಗಳು ಬೋರ್ಡಿನ ಮುಂದೆ ನಿಂತೇ ಇದ್ದರು. ಹಿಂದಿನಿಂದ ಪಂಪಣ್ಣನ ದನಿ, ಎಂದಿನ ವಿನಯದಲ್ಲೇ ಬಂತು.

"ಸಂಪು ತುಂಬಿದೆ ಸಾರ್. ಈಗ ಪಂಪು ಹಾಕ್ಲಾ?"